ಐದನೆಯ ತೂತು

ಲಮ್ಸ್‌ಡನ್
ಭಾನುವಾರ, ೨೨ ಮಾರ್ಚ್ ೧೯೮೧

ನನ್ನ ಮೊಂಡ ಸ್ಟ್ರೂವನ್‌ಗೆ,

ಎಫಿಯ ಪ್ರೀತಿ, ಜೊತೆಗೆ ಒಂದಿಷ್ಟು ಕೋಪ. ಎರಡನ್ನೂ ಬೇರೆ ಮಾಡಿ ಕಳಿಸುವಷ್ಟು ವ್ಯವಧಾನ ನನಗಿಲ್ಲ, ಒಟ್ಟಿಗೇ ತೆಗೆದುಕೋ.

ಅಕ್ಷರ ಇಷ್ಟು ದಪ್ಪ ಏಕೆ ಎಂದು ಮೂಗು ಮುರಿಯಬೇಡ. ಬಡಗಿಯ ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ, ಹಾಳೆಗೆ ಎಂಟೇ ಸಾಲು. ಮಂಗಳವಾರದ ವಿಮಾನದಲ್ಲಿ ಪೈಲಟ್ ಟಿಪೆನೆ ಇದನ್ನೂ ತೋಟಾ ಪೆಟ್ಟಿಗೆಯನ್ನೂ ನಿನ್ನ ಕೊಲ್ಲಿಯ ಮರಳಿನ ಮೇಲೆ ಇಳಿಸುತ್ತಾನೆ. ಅದರ ಮುಂದಿನ ಮಂಗಳವಾರ ಐಲ್ಸ ಬರುತ್ತಾಳೆ. ಸಾರಂಗಗಳು ಬೆದೆಗೆ ಬಂದು ಕೂಗುವ ಕಾಲದಲ್ಲಿ ಅಪ್ಪನ ಜೊತೆ ಒಂದು ವಾರ ಬೇಟೆಗೆ ಹೋಗಬೇಕೆಂದು ಮಗಳಿಗೆ ಒಂದೇ ಹಟ. ಮೂವತ್ತಕ್ಕೆ ಬಂದರೂ ಹಟದಲ್ಲಿ ಥೇಟ್ ನೀನೇ. ಅವಳು ಬರುವುದಕ್ಕೆ ಮೊದಲು ನಿನಗೆ ಒಂದು ಮಾತು ಹೇಳಲೇಬೇಕಾಗಿದೆ. ಎರಡು ತಿಂಗಳಿಂದ ಹೇಳಬೇಕೆಂದುಕೊಂಡು ನುಂಗಿಕೊಂಡ ಮಾತು.

ನುಂಗಿಕೊಂಡದ್ದಕ್ಕೆ ಕಾರಣ ನಿನಗೂ ಗೊತ್ತು. ಸತ್ಯ ಹೇಳಿ ನಿನ್ನನ್ನು ಒಮ್ಮೆ ಕಳೆದುಕೊಂಡವಳು ನಾನು. ಬೇಟೆಗಾರರ ಸಂಘದ ಆ ಊಟದ ದಿನ ಎಲ್ಲರೂ ನಿನ್ನ ಬೆನ್ನು ತಟ್ಟುತ್ತಿದ್ದರು. “ಅಂಗಡಿ ತೋಟಾ ಮುಟ್ಟೋನಲ್ಲ ನಾನು, ಎಲ್ಲಾ ಕೈಯಾರೆ ತುಂಬಿದ್ದು” ಎಂದು ನೀನು ಎದೆಯುಬ್ಬಿಸಿ ಹೇಳಿದೆ. ನಾನು ಕುರಿಮಾಂಸದ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ನನ್ನ ಬಾಯಿ ಸುಮ್ಮನಿರಲಿಲ್ಲ. “ಹೌದಾ? ಹಾಗಾದ್ರೆ ಒಂದಕ್ಕೆ ಎಷ್ಟು ಮದ್ದು ಹಾಕ್ತೀಯ, ಎಲ್ರಿಗೂ ಹೇಳಪ್ಪ” ಎಂದುಬಿಟ್ಟೆ. ನಿನಗೆ ಗೊತ್ತಿರಲಿಲ್ಲ. ಹೇಗೆ ಗೊತ್ತಿರುತ್ತದೆ? ಇಪ್ಪತ್ತಾರು ವರ್ಷ ನಿನ್ನ ತೋಟಾಗಳಿಗೆ ಮದ್ದು ತೂಗುತ್ತ ತಕ್ಕಡಿಯ ಮುಂದೆ ಉಸಿರು ಬಿಗಿಹಿಡಿದು ಕೂತವಳು ನಾನು. ಎಲ್ಲರೂ ನಕ್ಕರು. ಆ ವಸಂತದಲ್ಲಿ ಬೆಳ್ಳಿಮೀನಿನ ಮರಿ ಹಿಡಿಯಲು ಕೊಲ್ಲಿಗೆ ಹೋದ ನೀನು ತಿರುಗಿ ಬರಲೇ ಇಲ್ಲ. ನನ್ನ ಮಾತು ನಿಜವಾಗಿತ್ತು, ಆದರೆ ಹತ್ತು ಜನರ ಮುಂದೆ ಹೇಳಿದ್ದು ತಪ್ಪು. ಇದನ್ನು ಬರೆಯಲು ಮೂರು ವರ್ಷ ಹಿಡಿಯಿತು ನೋಡು, ನನಗೂ ಕೊಬ್ಬು ಕಡಿಮೆಯಿಲ್ಲ.

ನೀನು ಹೋಗಿ ನಾಲ್ಕು ತಿಂಗಳಾದ ಮೇಲೆ ಟಿಪೆನೆ ಒಂದು ಲಕೋಟೆ ತಂದುಕೊಟ್ಟ. ಒಳಗೆ ಕಾಗದವಿಲ್ಲ, ಮಾತಿಲ್ಲ. ನೂರು ಗಜದಿಂದ ಐದು ಗುಂಡು ಹೊಡೆದ ಗುರಿಹಾಳೆ, ಐದು ಖಾಲಿ ಹಿತ್ತಾಳೆ ಚಿಪ್ಪು, ಅಷ್ಟೇ. “ಇದೇನ್ರೀ ಎಫಿ, ನಿಮ್ಮೆಜಮಾನ್ರು ತೂತು ಬಿದ್ದ ಕಾಗ್ದ ಕಳ್ಸಿದಾರೆ” ಎಂದು ಅವನು ತಲೆ ಕೆರೆದುಕೊಂಡ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ತೂತುಗಳು ಮೇಲಿಂದ ಕೆಳಕ್ಕೆ ಸಾಲಾಗಿ ಬಿದ್ದಿದ್ದವು. ಕೊಲ್ಲಿಯ ತಣ್ಣನೆಯ ಗಾಳಿಗೆ ಮದ್ದು ಸ್ವಲ್ಪ ಕಡಿಮೆಯಾಗಿದೆ ಎಂದು ಅವು ನನಗೆ ಹೇಳಿದವು. ಸಾಸಿವೆಯಷ್ಟು ಹೆಚ್ಚಿಸಿ ಕಳಿಸಿದೆ. ಮುಂದಿನ ಹಾಳೆಯಲ್ಲಿ ತೂತುಗಳು ಹತ್ತಿರ ಬಂದವು. ಗುಂಡನ್ನು ಚಿಪ್ಪಿನೊಳಗೆ ಒಂದು ಕೂದಲೆಳೆ ಆಳಕ್ಕೆ ಕೂರಿಸಿದೆ. ಇನ್ನೂ ಹತ್ತಿರ ಬಂದವು. ಬೇರೆ ಹೆಂಗಸರು ಗಂಡನ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾರಂತೆ. ನಾನು ತೂತುಬಿದ್ದ ಹಾಳೆಗಳನ್ನು ಮೊಳೆ ಹೊಡೆದು ಷೆಡ್ಡಿನ ಗೋಡೆಗೆ ಹಾಕಿದೆ.

ಕಳೆದ ವರ್ಷ ಜುಲೈನಿಂದ ಹಾಳೆಗಳು ಕೆಟ್ಟವು. ಮೇಲೆ ಕೆಳಗೆ ಹರಡಿದ್ದರೆ ಮದ್ದಿನ ದೋಷ ಎನ್ನಬಹುದು, ಅಡ್ಡಕ್ಕೆ ಹರಡಿದ್ದರೆ ಗಾಳಿ ಅಥವಾ ನಿನ್ನ ಬೆರಳು. ಇವು ಕೋಳಿಗೆ ಕಾಳು ಎರಚಿದ ಹಾಗೆ ಎಲ್ಲೆಂದರಲ್ಲಿ. ನಾನು ಮದ್ದು ಬದಲಿಸಿದೆ, ಕಿಡಿ ಹೊತ್ತಿಸುವ ಕೇಪು ಬದಲಿಸಿದೆ, ಚಿಪ್ಪುಗಳ ಕತ್ತನ್ನು ಒಂದೊಂದಾಗಿ ಅಳೆದೆ. ನನ್ನ ತಕ್ಕಡಿಯ ಮೇಲೇ ಗುಮಾನಿ ಬಂದು, ಔಷಧದಂಗಡಿಯ ತಕ್ಕಡಿಯಲ್ಲಿ ತೂಗಿ ನೋಡಿದೆ. ಏನೂ ತಪ್ಪಿರಲಿಲ್ಲ.

ಅಕ್ಟೋಬರಿನಲ್ಲಿ ಬಂದ ಹಾಳೆಯಲ್ಲಿ ಎಂದಿನಂತೆ ನೀನು ಪ್ರತಿ ತೂತಿಗೂ ಪೆನ್ಸಿಲಿನಿಂದ ಸುತ್ತು ಹಾಕಿ ಅಂಕಿ ಬರೆದಿದ್ದೆ. ಒಂದು, ಎರಡು, ಮೂರು, ನಾಲ್ಕು. ಐದನೆಯದನ್ನು ಬೆಳಕಿಗೆ ಹಿಡಿದರೆ ಬೆಳಕು ಬರಲಿಲ್ಲ. ಬೆರಳು ಸವರಿ ನೋಡಿದೆ, ಕಾಗದ ನುಣ್ಣಗಿತ್ತು. ಅದು ತೂತಲ್ಲ, ಸ್ಟ್ರೂವನ್. ನೊಣದ ಹಿಕ್ಕೆ. ನಿನ್ನ ಐದನೆಯ ಗುಂಡು ಹಾಳೆಗೆ ಬಿದ್ದೇ ಇರಲಿಲ್ಲ. ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು ನೀನು ನೊಣದ ಹಿಕ್ಕೆಗೆ ಅಂಕಿ ಹಾಕಿದ್ದೆ.

ಆಗಲೂ ನಾನು ನಂಬಲು ಒಪ್ಪಲಿಲ್ಲ. ಜನವರಿಯಲ್ಲಿ ಟಿಪೆನೆಗೆ ಗುಟ್ಟಾಗಿ ಹೇಳಿ ಕಳಿಸಿದೆ. ನೀನು ಚಹಾ ಕಾಯಿಸುತ್ತಿದ್ದಾಗ ಅವನು, “ನಿಮ್ಮ ಕೋವೀಲಿ ಒಂದು ಕೈ ನೋಡ್ಲಾ?” ಎಂದು ಕೇಳಿ ಮೂರು ಗುಂಡು ಹೊಡೆದದ್ದು ನೆನಪಿದೆಯೇ? ಬೈಯಬೇಡ, ಅದು ನನ್ನ ಕಿತಾಪತಿ. ನಿನ್ನದೇ ಕೋವಿ, ಅದೇ ಪೆಟ್ಟಿಗೆಯ ತೋಟಾ. ಆ ಮೂರು ತೂತುಗಳ ಮೇಲೆ ಇಪ್ಪತ್ತು ಸೆಂಟಿನ ನಾಣ್ಯ ಇಟ್ಟರೆ ಮೂರೂ ಮುಚ್ಚಿಹೋದವು. ತೋಟಾದಲ್ಲಿ ದೋಷವಿಲ್ಲ, ಕೋವಿಯಲ್ಲೂ ಇಲ್ಲ. ಉಳಿದದ್ದು ನಿನ್ನ ಕಣ್ಣು.

ಇನ್ನು ನನ್ನ ತಪ್ಪೊಪ್ಪಿಗೆ. ಕುರ್ಚಿ ಎಳೆದುಕೊಂಡು ಕೂತು ಓದು.

ಅದಾದ ಮೇಲೆ, ಬೇರೆ ಬೇರೆ ಮದ್ದು ಎಂದು ನೀನು ನಂಬಲೆಂದು, ನಾನು ಮೂರು ಪೆಟ್ಟಿಗೆ ಕಳಿಸಿದೆ. ಒಂದಕ್ಕೆ ಕೆಂಪು ಚೀಟಿ, ಒಂದಕ್ಕೆ ಹಸಿರು, ಒಂದಕ್ಕೆ ಹಳದಿ. ಮೂರರಲ್ಲೂ ಇದ್ದದ್ದು ಒಂದೇ ತೂಕದ ಒಂದೇ ಮದ್ದು, ಒಂದೇ ಗುಂಡು. ಚೀಟಿ ಬಿಟ್ಟರೆ ಕೂದಲಿನಷ್ಟೂ ಬದಲಾವಣೆ ಇರಲಿಲ್ಲ. ಕಣ್ಣಿನ ಮಾತೆತ್ತಿದರೆ ನೀನು ಕೋವಿ ಕೆಳಗಿಡುತ್ತೀಯ, ಕೋವಿ ಕೆಳಗಿಟ್ಟರೆ ನಿನಗೆ ತೋಟಾ ಬೇಡ, ತೋಟಾ ಬೇಡವಾದರೆ ನನಗೆ ಹಾಳೆ ಬರುವುದಿಲ್ಲ. ಅದಕ್ಕೇ ಬಾಯಿ ಮುಚ್ಚಿಕೊಂಡು ಚೀಟಿಯ ಬಣ್ಣ ಬದಲಿಸುತ್ತ ಕೂತೆ. ನೀನೇನು ಮಾಡಿದೆ? ಫೆಬ್ರವರಿಯ ಹಾಳೆಯ ಅಡಿಯಲ್ಲಿ, ಮೂರು ವರ್ಷದಲ್ಲಿ ಮೊದಲ ಬಾರಿಗೆ ಒಂದು ಮಾತು ಬರೆದೆ: “ಹಸಿರು ವಾಸಿ.” ಅಯ್ಯೋ ಮಾರಾಯ! ಹಸಿರಿನಲ್ಲಿ ಎರಡು ಗುಂಡು ಹಾಳೆಯ ಆಚೆ ಹೋಗಿದ್ದವು. ನಿನಗೂ ಅದು ಗೊತ್ತಿತ್ತು, ಈ ಸಲ ನೀನು ಮೂರಕ್ಕೇ ಅಂಕಿ ಹಾಕಿದ್ದೆ. ನನಗೆ ಬೇಸರವಾಗಬಾರದೆಂದು ನೀನು ಸುಳ್ಳು ಬರೆದೆ, ನಿನಗೆ ಬೇಸರವಾಗಬಾರದೆಂದು ನಾನು ಸುಳ್ಳು ಚೀಟಿ ಅಂಟಿಸಿದೆ. ನಮ್ಮಂಥ ಜೋಡಿ ಎಲ್ಲಿಯಾದರೂ ಇದೆಯೇ?

ನಾವಿಬ್ಬರೇ ಆಗಿದ್ದರೆ ಈ ಆಟವನ್ನು ಸಾಯುವವರೆಗೂ ಆಡುತ್ತಿದ್ದೆ. ಆದರೆ ಈಗ ಐಲ್ಸ ಬರುತ್ತಿದ್ದಾಳೆ. ಕೂಗಿನ ಕಾಲದಲ್ಲಿ ಕಾಡು ಹೇಗಿರುತ್ತದೆಂದು ನಿನಗೆ ನಾನು ಹೇಳಬೇಕೆ? ಮಂಜಿನಲ್ಲಿ ಒಂದು ಕಡೆ ಸಾರಂಗ ಕೂಗುತ್ತದೆ, ಇನ್ನೊಂದು ಕಡೆ ಅದೇ ದನಿಯಲ್ಲಿ ಮನುಷ್ಯ ಕೂಗುತ್ತಾನೆ, ನಡುವೆ ಪೊದೆ ಅಲ್ಲಾಡುತ್ತದೆ. ಕಳೆದ ಏಪ್ರಿಲ್‌ನಲ್ಲಿ ಪಕ್ಕದ ಕಣಿವೆಯಲ್ಲಿ ಒಬ್ಬ ತನ್ನ ಸ್ವಂತ ಷಡ್ಡಕನಿಗೇ ಗುಂಡು ಹೊಡೆದ. ಅವನ ಕಣ್ಣು ಚೆನ್ನಾಗಿತ್ತು! ನಿನಗೆ ಕೈಯಲ್ಲಿದ್ದ ಹಾಳೆಯಲ್ಲೇ ನೊಣದ ಹಿಕ್ಕೆ ಯಾವುದು, ತೂತು ಯಾವುದು ತಿಳಿಯಲಿಲ್ಲ. ಎಂಬತ್ತು ಗಜದಾಚೆ ಪೊದೆಯೊಳಗೆ ಕಂದು ಬಣ್ಣದ್ದೇನೋ ಅಲ್ಲಾಡಿದರೆ ಅದು ಸಾರಂಗವೋ ನಮ್ಮ ಮಗಳ ತಲೆಗೂದಲೋ, ನೀನು ಆಣೆ ಮಾಡಿ ಹೇಳಬಲ್ಲೆಯಾ?

ಆದ್ದರಿಂದ ನನ್ನ ಮಾತು ಕೇಳು. ಈ ಸಲ ನೀನು ಕೂಗು, ಅವಳು ಹೊಡೆಯಲಿ. ಕೊಂಬೂದಿ ಸಾರಂಗವನ್ನು ಕೆಣಕಿ ಕರೆಯುವುದರಲ್ಲಿ ನಿನ್ನನ್ನು ಮೀರಿಸಿದವರು ಈ ದ್ವೀಪದಲ್ಲಿ ಯಾರಿದ್ದಾರೆ? ಇದು ಪುಸಲಾಯಿಸುವ ಮಾತಲ್ಲ, ಸಂಘದವರನ್ನೇ ಕೇಳು. ಮುದಿ ಸಾರಂಗಗಳೇ ಮೋಸ ಹೋಗಿ ನಿನ್ನ ಮೇಲೆ ಏರಿ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಕೋವಿ ಅವಳ ಭುಜದ ಮೇಲಿರಲಿ, ಅವಳು ನಿನ್ನ ಬಲಗಡೆ, ಕೈಗೆಟುಕುವಷ್ಟು ಹತ್ತಿರ. ಅವಳಿಗೆ ನಾನು ಕಣ್ಣಿನ ವಿಷಯ ಹೇಳಿಲ್ಲ, ಹೇಳುವುದೂ ಇಲ್ಲ. ಅದು ನಿನ್ನ ಬಾಯಿಂದಲೇ ಬರಲಿ. ಒಮ್ಮೆ ನಿನ್ನ ಮರ್ಯಾದೆ ಕಳೆದವಳು ಎರಡನೇ ಸಲ ಕಳೆಯುವುದಿಲ್ಲ.

ಇನ್ವರ್‌ಕಾರ್ಗಿಲ್‌ನ ಕಣ್ಣಿನ ಡಾಕ್ಟರು ಪೊರೆ ತೆಗೆಯುತ್ತಾರಂತೆ. ನಿನ್ನದು ಪೊರೆಯೋ ಬೇರೇನೋ ನೋಡದೆ ಹೇಳಲಾಗದು ಎಂದರು. ಮೇ ಐದಕ್ಕೆ ನಿನ್ನ ಹೆಸರು ಬರೆಸಿದ್ದೇನೆ. ಕೇಳದೆ ಬರೆಸಿದೆ ಎಂದು ಕುಣಿಯಬೇಡ. ನಿನ್ನನ್ನು ಕೇಳಿ ಮಾಡಿದ ಕೆಲಸ ಯಾವತ್ತು ಮುಗಿದಿದೆ?

ಗೋಡೆಯ ಮೇಲೆ ಇಪ್ಪತ್ತೊಂಬತ್ತು ಹಾಳೆಗಳಿವೆ. ಇನ್ನು ಹಾಳೆ ಬರುವುದಿಲ್ಲ, ಮೂವತ್ತನೆಯದಕ್ಕೆಂದು ಹೊಡೆದ ಮೊಳೆ ಖಾಲಿಯೇ ಉಳಿಯುತ್ತದೆ. ಆದರೂ ಬರೆದೆ. ನನಗೆ ನೀವಿಬ್ಬರೂ ಬೇಕು.

ಎಂದೆಂದೂ ನಿನ್ನವಳಾದ, ಬಾಯಿ ಹಿಡಿತವಿಲ್ಲದ
ಎಫಿ

ತಾ.ಕ.: ನಿನ್ನ ಸ್ವಭಾವ ನನಗೆ ಗೊತ್ತು. ಪೆಟ್ಟಿಗೆ ಕೈಗೆ ಬಂದ ಕೂಡಲೇ ಕಾಗದವನ್ನು ಅತ್ತ ಎಸೆದು ಕೋವಿಗೆ ತೋಟಾ ತುಂಬಿರುತ್ತೀಯ. ಈ ಪೆಟ್ಟಿಗೆಯ ಇಪ್ಪತ್ತು ತೋಟಾಗಳಲ್ಲಿ ಮದ್ದೂ ಇಲ್ಲ, ಕೇಪೂ ಇಲ್ಲ. ಬರೀ ಹಿತ್ತಾಳೆಯ ಮೇಲೆ ಗುಂಡು ಕೂರಿಸಿ ಕಳಿಸಿದ್ದೇನೆ. ನಿಜವಾದ ಇಪ್ಪತ್ತು ಐಲ್ಸಳ ಚೀಲದಲ್ಲಿ ಬರುತ್ತವೆ. ಕೋವಿಯ ಕುದುರೆ ಎಳೆದಾಗ ಬರೀ ಟಿಕ್ ಎಂದು ಸದ್ದಾಗಿ, ಮರಳಿನ ಮೇಲೆ ನಿಂತು ನೀನು ನನ್ನನ್ನು ಬಾಯಿಗೆ ಬಂದಂತೆ ಬೈದಿದ್ದರೆ, ಅದರಲ್ಲಿ ಒಂದಕ್ಷರವನ್ನೂ ಮರೆಯಬೇಡ. ಮೇ ಐದಕ್ಕೆ ಬಂದು ಎಲ್ಲವನ್ನೂ ನನ್ನ ಮುಖಕ್ಕೇ ಹೇಳು.