ಜವಾಬ್ದಾರಿ ನನ್ನದು, ಬೀಗದ ಕೈ ನಿಮ್ಮದು

ಕಂಪನಿಯ ಓಪನ್ ಸೋರ್ಸ್ ವಿಭಾಗದ ಮಾನ್ಯ ಮುಖ್ಯಸ್ಥರೇ,

ನೀವು ಕೈಬಿಟ್ಟ ಕನ್ನಡ ಓದುವ ಆ್ಯಪ್‌ಗೆ ಈಗ ನಾನೇ ಯಜಮಾನನಂತೆ. ಅದನ್ನು ರಿಪೇರಿ ಮಾಡಿ ಜನರಿಗೆ ತಲುಪಿಸುವ ಅಧಿಕಾರ ಮಾತ್ರ ಇನ್ನೂ ನಿಮ್ಮ ಬಳಿಯೇ ಇದೆ. ಇದು ಯಾವ ಸೀಮೆಯ ದಾನ?

ನಾನು ಕೆಂಗೇರಿಯ ಹಾಸ್ಟೆಲಿನಲ್ಲಿರುವ ಫಸ್ಟ್ ಇಯರ್ ಎಂಜಿನಿಯರಿಂಗ್ ವಿದ್ಯಾರ್ಥಿ. ಕಣ್ಣು ಕಾಣದವರಿಗೆ ಫೋನಿನ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ನಿಮ್ಮ ಆ್ಯಪಿನಲ್ಲಿ ಒಂದೆರಡು ಸಣ್ಣ ತಪ್ಪು ತಿದ್ದಿದ್ದೆ, ಅಷ್ಟೇ. ಕೊನೆಯ ಆನ್‌ಲೈನ್ ಮೀಟಿಂಗಿನಲ್ಲಿ ನೀವು, ಕಂಪನಿ ಹಿಂದೆ ಸರಿಯುತ್ತಿದೆ, ಕೋಡ್ ಎಲ್ಲರದೂ, ಇನ್ನು ಸಮುದಾಯವೇ ನೋಡಿಕೊಳ್ಳಲಿ ಎಂದಿರಿ. ಆಮೇಲೆ "ಧ್ರುವ?" ಎಂದಿರಿ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವನು ನಾನು. ಹೆಸರು ಕರೆದರೆ ಸಾಕು, ಯಾಕೆಂದು ತಿಳಿಯುವ ಮೊದಲೇ ಬಾಯಿ "ಎಸ್ ಸಾರ್" ಅಂದುಬಿಡುತ್ತದೆ. ಅನ್ನದಿದ್ದರೆ ಆಬ್ಸೆಂಟು, ಆಮೇಲೆ ವಾರ್ಡನ್ನು. ಅವತ್ತೂ ಅಂದಿತು, ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಮಾರನೇ ದಿನ ವೆಬ್‌ಸೈಟಿನಲ್ಲಿ ನಿಮ್ಮ ಲೋಗೋ ಇದ್ದ ಜಾಗದಲ್ಲಿ ನನ್ನ ಹೆಸರು, ಫೋನ್ ನಂಬರ್. ಸಮುದಾಯ ಎಂದರೆ ನಾನೊಬ್ಬನೇ ಎಂದು ಆಗ ಗೊತ್ತಾಯಿತು.

ಹೋದ ವಾರ ಫೋನುಗಳಿಗೆ ಹೊಸ ಅಪ್‌ಡೇಟ್ ಬಂದು ಆ್ಯಪ್ ಮೂಕವಾಯಿತು. ಬಸವೇಶ್ವರನಗರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ, ದೃಷ್ಟಿಯಿಲ್ಲದ ಪಂಕಜಾ ಮೇಡಂ ಯಾರಿಂದಲೋ ನಂಬರ್ ಒತ್ತಿಸಿ ಫೋನ್ ಮಾಡಿದರು.

"ಏನಪ್ಪಾ ಧ್ರುವ, ನಿನ್ನ ಆ್ಯಪಿನ ಹುಡುಗಿ ಮಾತೇ ಬಿಟ್ಟಿದಾಳಲ್ಲ. ಏನಂದೆ ಅವಳಿಗೆ?" ಎಂದು ನಕ್ಕರು. ಆಮೇಲೆ ಮೆಲ್ಲಗೆ, "ಮಕ್ಳು ಕಳಿಸಿದ ಹೋಂವರ್ಕ್‌ನ ಪಕ್ಕದ ಕ್ಲಾಸ್ ಮೇಡಂ ಹತ್ರ ಓದಿಸ್ಕೋತಾ ಇದೀನಿ. ಎಷ್ಟು ದಿನ ಅಂತ ಕೇಳೋದು ಹೇಳು. ಬೇಗ ಸರಿ ಮಾಡ್ತೀಯಾ?"

ನಾನೇನಂದೆ ಗೊತ್ತೇ? "ಎಸ್ ಮೇಡಂ."

ಇಂಟರ್ನಲ್ಸ್‌ಗೆ ಓದುವುದು ಬಿಟ್ಟು ದೋಷ ಸರಿಮಾಡಿದೆ. ಅದು ಜನರ ಫೋನಿಗೆ ಹೋಗಬೇಕಾದರೆ ಡಿಜಿಟಲ್ ಸಹಿ ಹಾಕುವ ಕೀ, ಅಂದರೆ ನಿಮ್ಮ ಬಳಿ ಇರುವ ಗುಪ್ತ ಸಂಕೇತ, ಬೇಕು. ಕೇಳಿದರೆ, ಈ ಪ್ರಾಜೆಕ್ಟ್ ಈಗ ನಮ್ಮದಲ್ಲ ಎಂದು ನಿಮ್ಮ ಕಚೇರಿಯ ಉತ್ತರ. ನಿಮ್ಮದಲ್ಲದ ಮನೆಯ ಕೀ ನಿಮಗ್ಯಾಕೆ ಸಾರ್? ಬೇರೆ ಹೆಸರಿನಲ್ಲಿ ಹೊಸ ಆ್ಯಪ್ ಬಿಡು ಎಂದೂ ಬರೆದಿದ್ದೀರಿ. ಮಾತು ನಿಂತ ಫೋನಿನಲ್ಲಿ ಅದನ್ನು ಹುಡುಕಿ ಹಾಕಿಕೊಡುವವರು ಯಾರು, ಮತ್ತೆ ಪಕ್ಕದ ಕ್ಲಾಸ್ ಮೇಡಮ್ಮೇ?

"ಮನಿ ನಿನ್ನ ಹೆಸರಿಗೆ ಮಾಡ್ಯಾರ, ಕೀಲಿ ತಮ್ಮ ಕಿಸೇದಾಗ ಇಟ್ಕೊಂಡಾರ. ಹೊರಗ ಕುಂತು ಕಾಯಿ ಇನ್ನ, ಸಾಹೇಬ" ಎನ್ನುತ್ತಾನೆ ರೂಮ್‌ಮೇಟ್ ಬಾಳೇಶ.

ಆ ಕೀ ಕೊಡಿ. ಕೊಡುವುದಿಲ್ಲವಾದರೆ ಪಂಕಜಾ ಮೇಡಂಗೆ ನೀವೇ ಫೋನ್ ಮಾಡಿ ಹೇಳಿ. ಅವರು ಬೈಯುವುದಿಲ್ಲ. "ಪರವಾಗಿಲ್ಲ ಬಿಡಪ್ಪಾ" ಅನ್ನುತ್ತಾರೆ. ಅದನ್ನು ಒಂದೇ ಒಂದು ಸಲ ನೀವೂ ಕೇಳಿಸಿಕೊಳ್ಳಿ.

ಇಂತಿ,
ಕರೆದಾಗಲೆಲ್ಲ ಹಾಜರಿದ್ದೂ ಬಾಗಿಲ ಹೊರಗೇ ನಿಂತಿರುವ,
ಧ್ರುವ