ಕುಳಿತವರನ್ನು ಎಬ್ಬಿಸಬೇಡಿ

ಮಾನ್ಯರೇ,

ಮೊದಲು ಒಂದು ತಪ್ಪನ್ನು ತಿದ್ದಬೇಕಾಗಿದೆ. ನಮ್ಮ ‘ಚಿರಚೈತನ್ಯ’ ಹಿರಿಯರ ವಸತಿಯ ಸ್ಮರಣ ಸಂಚಿಕೆಯನ್ನು ಕಳೆದ ತಿಂಗಳು ಹಿಮ್ಮುಖ ಅಂಚೆಯ ಮೂಲಕ ನಿಮ್ಮ ಕಾಲಕ್ಕೆ ಕಳುಹಿಸಲಾಗಿದೆ. ಅದರಲ್ಲಿ ನೀಲಗಂಗವ್ವ ಅಂಗಡಿ ಎಂಬವರನ್ನು ‘ಮೌನಕೂಟದ ಸಂಸ್ಥಾಪಕಿ’ ಎಂದು ಕರೆದು, ಅವರೀಗ ಆರೈಕೆಯ ಓಣಿಯಲ್ಲಿ ಹಗಲೆಲ್ಲ ಧ್ಯಾನಮಗ್ನರಾಗಿದ್ದಾರೆಂದು ಬರೆದಿದ್ದಾರೆ. ಎರಡು ವಾಕ್ಯಗಳೂ ಸುಳ್ಳು. ಆಕೆ ಮೌನಕೂಟವನ್ನು ಸ್ಥಾಪಿಸಲಿಲ್ಲ. ಅದರಿಂದ ಎದ್ದು ಹೋದರು. ಧ್ಯಾನದ ಸಂಗತಿಯನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ಈ ಪತ್ರವನ್ನು ೨೧೯೧ನೆಯ ಇಸವಿಯ ಉರಿಮಾಸದಲ್ಲಿ ಬರೆಯುತ್ತಿದ್ದೇನೆ. ವರ್ಷಕ್ಕೆ ಹದಿಮೂರನೆಯ ತಿಂಗಳೊಂದು ಇರುವುದು ನಿಮಗೆ ಅಚ್ಚಿನ ದೋಷದಂತೆ ಕಂಡೀತು. ಬಯಲಿಗೆ ಕಾಲಿಡಲಾಗದಷ್ಟು ಬಿಸಿಲಿರುವ ದಿನಗಳನ್ನು ನಮ್ಮ ಅಜ್ಜಂದಿರು ಬೇರೆ ತೆಗೆದು ಅವಕ್ಕೆ ಈ ಹೆಸರಿಟ್ಟರು. ಇಂಥ ಇನ್ನಷ್ಟು ಪದಗಳು ನಿಮಗೆ ಅಪರಿಚಿತವಾಗಿರುತ್ತವೆ. ಅದಕ್ಕೆ ಕ್ಷಮೆ ಇರಲಿ. ಅವುಗಳಲ್ಲಿ ಕೆಲವು ನನಗೂ ಒಪ್ಪಿಗೆಯಿಲ್ಲ. ‘ತೊಡಗು’ ಎಂಬುದು ಕ್ರಿಯಾಪದ. ಇಲ್ಲಿ ಅದನ್ನು ನಾಮಪದ ಮಾಡಿಕೊಂಡು, ‘ನಿಮ್ಮ ತೊಡಗು ಇಂದು ಎಷ್ಟಾಯಿತು?’ ಎಂದು ಊಟದ ಸಾಲಿನಲ್ಲಿ ಒಬ್ಬರನ್ನೊಬ್ಬರು ಕೇಳುತ್ತಾರೆ. ಮುಂಗೈಗೆ ಕಟ್ಟಿದ ಮಿಡುಕುಪಟ್ಟಿಯು ನಾವು ನಡೆದದ್ದು, ಹಾಡಿದ್ದು, ನಕ್ಕದ್ದು ಎಲ್ಲವನ್ನೂ ಅಳೆದು ಸಂಜೆಗೆ ಆ ಅಂಕವನ್ನು ತೋರಿಸುತ್ತದೆ. ಅಂಕ ಇಳಿದವರ ಬಾಗಿಲಿಗೆ ಹುರುಪುಗಾರ್ತಿ ಬರುತ್ತಾಳೆ. ನಿವಾಸಿಗಳನ್ನು ಹುರುಪಿನಲ್ಲಿಡುವುದೇ ಉದ್ಯೋಗವಾಗಿರುವವಳಿಗೆ ಆ ಹೆಸರು.

ಇದನ್ನು ಓದಿ ನಮ್ಮದೊಂದು ಸೆರೆಮನೆಯೆಂದು ತಿಳಿಯಬೇಡಿ. ಕಪ್ಪತಗುಡ್ಡದ ತಪ್ಪಲಿನಲ್ಲಿ, ನೆರಳುಬಟ್ಟೆಯ ಚಪ್ಪರದಡಿ, ಸುಮಾರು ಮುನ್ನೂರು ಜನ ಇದ್ದೇವೆ. ಬೆಳಗಿನ ತಂಪಿನಲ್ಲಿ ಮಡಿಗಳಿಗೆ ನೀರುಣಿಸುತ್ತೇವೆ. ಬಳಿಕ ಹಲಗೆ ಬಾರಿಸುವ ತಂಡ, ರೊಟ್ಟಿ ಬಡಿಯುವ ಪಂದ್ಯ, ಕುರ್ಚಿಯ ಮೇಲೆ ಕುಳಿತೇ ಆಡುವ ಕಬಡ್ಡಿ. ನಾನು ಈಜು ಕಲಿತದ್ದು ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಇಲ್ಲಿಯ ಕೊಳದಲ್ಲಿ. ನಮ್ಮ ಹಿಂದಿನವರು ಮಂಚದ ಮೇಲೆ ಗೋಡೆ ನೋಡುತ್ತ ಸೊರಗಿದರೆಂದು ಕೇಳಿದ್ದೇನೆ. ಆದ್ದರಿಂದ ಚಟುವಟಿಕೆಯ ಮೇಲೆ ನನ್ನ ದೂರಿಲ್ಲ. ಅದು ತನ್ನ ಹೊರಗೆ ಏನನ್ನೂ ಉಳಿಯಗೊಡದಿರುವುದರ ಮೇಲೆ ದೂರಿದೆ.

ನೀಲಗಂಗವ್ವ ಗದಗಿನ ಸುತ್ತಿನ ಗಾಳಿಯಂತ್ರಗಳನ್ನು ರಿಪೇರಿ ಮಾಡಿ ನಿವೃತ್ತರಾದವರು. ಕಂಬದ ತುದಿಯಿಂದ ಕೆಳಗಿನವರನ್ನು ಕೂಗಿ ಕೂಗಿ ದನಿ ಒರಟಾಗಿತ್ತು. ಅವರ ಪಗಡೆಯ ಜೊತೆಗಾರ್ತಿ ಇಮಾಂಬಿ. ಇಬ್ಬರೂ ಒಂದೇ ವರ್ಷ ಇಲ್ಲಿಗೆ ಬಂದರು. ಆಡುವುದಕ್ಕಿಂತ ಹೆಚ್ಚು ಜಗಳವಾಡುತ್ತಿದ್ದರು. ‘ಕಾಯಿ ಕದಿಯೂದು ಬಿಟ್ಟು ಬ್ಯಾರೆ ವಿದ್ಯಾ ಏನರ ಬರತೈತೇನ ನಿನಗ?’ ಎಂದು ಒಬ್ಬರು. ‘ನಿನ್ನ ಕಣ್ಣಿಗೆ ಪರದೆ ಬಂದೈತಿ, ಮೊದಲ ದವಾಖಾನಿಗೆ ಹೋಗು’ ಎಂದು ಇನ್ನೊಬ್ಬರು. ಕಳೆದ ಕಾರ್ತಿಕದ ಒಂದು ಬೆಳಗಿನ ಜಾವ ಇಮಾಂಬಿ ತೀರಿಕೊಂಡರು. ಇಲ್ಲಿಯ ಪದ್ಧತಿಯಂತೆ, ಎದ್ದವರ ಮನಸ್ಸು ಕುಂದಬಾರದೆಂದು, ಬೆಳಗಿನ ಗಂಟೆಗೆ ಮೊದಲೇ ಅವರನ್ನು ಹಿಂಬಾಗಿಲಿನಿಂದ ಸಾಗಿಸಿದರು. ಉಪಾಹಾರದ ಹೊತ್ತಿಗೆ ಹುರುಪುಗಾರ್ತಿ ಸೌಗಂಧಿಕಾ ನೀಲಗಂಗವ್ವನವರ ಕೈ ಹಿಡಿದು, ‘ಯಮ್ಮಾ, ಇವತ್ತಿನಿಂದ ಹೂವಪ್ಪಜ್ಜ ನಿಮಗ ಜೋಡಿ. ಪಗಡಿ ತಪ್ಪಸಬ್ಯಾಡ್ರಿ’ ಎಂದಳು. ಸೌಗಂಧಿಕಾ ಕೆಟ್ಟವಳಲ್ಲ. ಅವಳ ಕಣ್ಣು ತುಂಬಿದ್ದನ್ನು ನಾನೇ ಕಂಡೆ.

ನೀಲಗಂಗವ್ವ ಪಗಡೆಗೆ ಹೋಗಲಿಲ್ಲ. ಇಮಾಂಬಿಯವರ ಬೀಗ ಹಾಕಿದ ಕೋಣೆಯ ಮುಂದಿನ ಮೆಟ್ಟಿಲಿನ ಮೇಲೆ ಕುಳಿತರು. ಮಧ್ಯಾಹ್ನವಾದರೂ ಏಳಲಿಲ್ಲ. ಮಿಡುಕುಪಟ್ಟಿ ಗುಂಯ್‌ಗುಡುತ್ತಲೇ ಇತ್ತು. ನಾನು ಹೋಗಿ, ತಾವು ಏನನ್ನೂ ಮಾಡುತ್ತಿಲ್ಲವೆಂದು ಪಟ್ಟಿ ದೂರು ಕೊಡುತ್ತಿದೆ, ಸ್ವಲ್ಪ ಅಡ್ಡಾಡಿದರೆ ಒಳ್ಳೆಯದೆಂದು ತಿಳಿಸಿದೆ.

‘ಏನೂ ಮಾಡವಲ್ಲಿ ಅಂತ ಯಾರ ಹೇಳಿದ್ರು? ಇಮಾಂಬಿ ಸತ್ತಾಳ. ಕುಂತೀನಿ,’ ಎಂದರು ಆಕೆ. ‘ಮಾಸ್ತರ, ತಿದ್ದಾಕ ಬಂದಿದ್ರ ಹೊಳ್ಳಿ ಹೋಗ್ರಿ. ಕೂಡಾಕ ಬಂದಿದ್ರ ಕೂಡ್ರಿ, ಬಾಯಿ ಮುಚ್ಚಿಕೊಂಡು.’

ಕುಳಿತೆ. ಸ್ವಲ್ಪ ಹೊತ್ತಿಗೆ ಹೂವಪ್ಪ ಬಡಿಗೇರರು ಕೋಲೂರಿಕೊಂಡು ಬಂದು, ‘ಮಾಸ್ತರ ಮಾತಾಡದ ಕುಂತಾರ ಅಂದ್ರ ಅಕ್ಕಾ, ಸತ್ತಾಕಿ ದೊಡ್ಡಾಕಿನ ಇರಬೇಕು’ ಎಂದು ಅಲ್ಲೇ ಕುಳಿತರು. ನೀಲಗಂಗವ್ವನವರ ಮುಖದಲ್ಲಿ ಆ ದಿನ ಕಂಡ ನಗೆ ಅದೊಂದೇ. ಸಂಜೆಯೊಳಗೆ ಹತ್ತು ಹನ್ನೆರಡು ಜನ ಸೇರಿದ್ದೆವು. ಯಾರೂ ಕರೆದಿರಲಿಲ್ಲ. ಸಾವಾದ ಮನೆಗೆ ಹೋಗಿ ಸುಮ್ಮನೆ ಕುಳಿತು ಬರುವ ಪದ್ಧತಿ ನಮ್ಮ ಸೀಮೆಯಲ್ಲಿ ಹಿಂದೆ ಇತ್ತು. ನಿಮ್ಮಲ್ಲಿ ಇನ್ನೂ ಇರಬೇಕು. ಬಂದವರು ಬಂದೆವೆನ್ನುವುದಿಲ್ಲ, ಏಳುವಾಗ ‘ಹೋಗಿ ಬರುತ್ತೇವೆ’ ಎನ್ನುವುದಿಲ್ಲ. ಅಂಥ ಮನೆಗೆ ಅಂಥ ಕಾರಣಕ್ಕೆ ಮತ್ತೆ ಬರುವಂತಾಗಬಾರದು. ಆದ್ದರಿಂದ ಹೇಳದೆ ಎದ್ದು ಹೋಗಬೇಕು. ನಾವೂ ಒಬ್ಬೊಬ್ಬರಾಗಿ ಹಾಗೆಯೇ ಎದ್ದೆವು. ಮೂರು ದಿನ ಇದು ನಡೆಯಿತು. ನಮ್ಮೆಲ್ಲರ ತೊಡಗು ನೆಲ ಕಚ್ಚಿತು. ಆದರೆ ರಕ್ತದ ಒತ್ತಡ ಇಳಿದಿತ್ತು, ನಿದ್ರೆ ಸುಧಾರಿಸಿತ್ತು. ಅದನ್ನೂ ಪಟ್ಟಿ ಅಳೆದಿತ್ತು. ಅನಾಹುತ ಶುರುವಾದದ್ದು ಅಲ್ಲಿಂದ.

ಆಡಳಿತ ಮಂಡಳಿ ಸಿಟ್ಟಾಗಲಿಲ್ಲ, ಸಂತೋಷಪಟ್ಟಿತು. ಮುಂದಿನ ಗುರುವಾರ ನಾಲ್ಕು ಗಂಟೆಗೆ ‘ಮೌನಕೂಟ’ ಎಂಬ ಹೊಸ ಕಾರ್ಯಕ್ರಮವನ್ನು ಸಾರಿದರು. ಅದೇ ಮೆಟ್ಟಿಲಿನ ಮುಂದೆ ಮೆತ್ತೆ ಹಾಸಿದರು, ಕೊಳಲಿನ ಸಣ್ಣ ನಾದ ಹರಿಯಬಿಟ್ಟರು, ಹಾಜರಾದವರಿಗೆ ಇಮ್ಮಡಿ ಅಂಕವೆಂದರು. ನಾಲ್ಕೂವರೆಗೆ ಸೌಗಂಧಿಕಾ ಎದ್ದುನಿಂತು, ಎಲ್ಲರೂ ಕೈ ಕೈ ಹಿಡಿಯಬೇಕೆಂದು ಹೇಳಿ, ಮಕ್ಕಳಿಗೆ ಹೇಳಿಕೊಡುವ ರಾಗದಲ್ಲಿ, ‘ಈಗ ಒಟ್ಟಿಗೆ ಹೇಳೂಣು: ಇಮಾಂಬಿ, ಹೋಗಿ ಬರ್ತೇವಿ! ಮುಂದಿನ ಗುರುವಾರ ಮತ್ತ ಬರ್ತೇವಿ!’ ಎಂದಳು. ಅವಳು ಸಾವಿನ ಮನೆಯನ್ನೇ ಕಂಡವಳಲ್ಲ. ಅವಳ ಕಾಲದ ಯಾರೂ ಕಂಡಿಲ್ಲ. ಅರ್ಧ ಜನ ಅವಳ ಹಿಂದೆ ಹೇಳಿಯೂ ಹೇಳಿದರು.

ನೀಲಗಂಗವ್ವ ಕೈ ಬಿಡಿಸಿಕೊಂಡರು. ‘ಏನಂದಿ ತಂಗಿ? ಮುಂದಿನ ವಾರ ಯಾರ ಸಾಯಬೇಕಂತ ಬರ್ತಿ?’ ಎಂದರು. ‘ನನ್ನ ದುಃಖಕ್ಕ ಗಂಟಿ ಬಾರಿಸಬ್ಯಾಡ.’ ಎದ್ದು ಹೋದರು. ಸೌಗಂಧಿಕಾ ಎಲ್ಲಿ ತಪ್ಪಿತೆಂದು ತಿಳಿಯದೆ ನನ್ನ ಮುಖ ನೋಡಿದಳು. ವಿವರಿಸಿದೆ, ತಲೆದೂಗಿ ಕೇಳಿದಳು, ಮರುವಾರ ಆ ಮಾತನ್ನು ಕೈಬಿಟ್ಟಳು. ಮೆತ್ತೆ, ಕೊಳಲು, ಅಂಕಗಳು ಉಳಿದವು.

ನೀಲಗಂಗವ್ವ ಮತ್ತೆ ಕೂಟಕ್ಕೆ ಬರಲಿಲ್ಲ. ಗುರುವಾರ ಬಿಟ್ಟು ಉಳಿದ ದಿನಗಳಲ್ಲಿ, ತಮಗೆ ಬೇಕೆನಿಸಿದಾಗ, ಮೆಟ್ಟಿಲಿನ ಮೇಲೆ ಕೂರುತ್ತಿದ್ದರು. ಆದರೆ ಕೂರುವುದಕ್ಕೆ ಒಂದು ಹೊತ್ತು ಗೊತ್ತಾದ ಮೇಲೆ ಬೇರೆ ಹೊತ್ತಿನಲ್ಲಿ ಕೂರುವುದು ಕಾಯಿಲೆಯೆನಿಸಿತು. ಮಾಘದಲ್ಲಿ ಅವರನ್ನು ಆರೈಕೆಯ ಓಣಿಗೆ ಸಾಗಿಸಿದರು. ಅಲ್ಲಿ ಪ್ರತಿ ಮಂಚಕ್ಕೂ ಒಂದು ‘ಒಡನಾಡಿ’ ಇರುತ್ತದೆ: ಎದುರಿಗಿದ್ದವರ ಕಣ್ಣು ತೆರೆದಿರುವಷ್ಟು ಹೊತ್ತೂ ಅವರನ್ನು ಮಾತನಾಡಿಸುವ ಯಂತ್ರ. ‘ನೀಲಗಂಗವ್ವ, ಇಂದು ಬಾನು ಎಷ್ಟು ತಿಳಿಯಾಗಿದೆ ಅಲ್ಲವೇ? ನಿಮ್ಮ ಬಾಲ್ಯದ ಆಟವೊಂದನ್ನು ಹೇಳಿ.’ ವ್ಯಾಕರಣ ಶುದ್ಧವಾಗಿದೆ. ಅಷ್ಟು ಶುದ್ಧವಾದ ಮಾತನ್ನು ಕೇಳಿ ನನಗೆ ಹೇಸಿಗೆಯಾದದ್ದು ಜೀವನದಲ್ಲಿ ಅದೇ ಮೊದಲು. ಅದನ್ನು ಸುಮ್ಮನಾಗಿಸುವ ಉಪಾಯ ಒಂದೇ. ಕಣ್ಣು ಮುಚ್ಚಬೇಕು. ಎಚ್ಚರವಿದ್ದರೂ ಆಕೆ ಹಗಲೆಲ್ಲ ಕಣ್ಣು ಮುಚ್ಚಿಕೊಂಡಿರುತ್ತಾರೆ. ಸಂಚಿಕೆಯವರು ಚಿತ್ರ ತೆಗೆದು ‘ಧ್ಯಾನ’ವೆಂದು ಅಚ್ಚು ಹಾಕಿಸಿದ್ದು ಇದನ್ನೇ. ನಾನು ಹೋದಾಗ ಹೆಜ್ಜೆಯ ಸಪ್ಪಳದಿಂದಲೇ ಗುರುತಿಸಿ, ‘ಮಾಸ್ತರ, ನೀವೂ ಕಣ್ಣ ಮುಚ್ಚರಿ. ಇಲ್ಲಂದ್ರ ನಿಮಗೂ ಗಂಟಬೀಳತೈತಿ’ ಎಂದರು. ಕಂಬದ ತುದಿಯಿಂದ ಐದು ಹಳ್ಳಿಗಳನ್ನು ಒಮ್ಮೆಗೇ ನೋಡಿದ ಕಣ್ಣುಗಳವು.

ಅವರನ್ನು ಅವರ ಕೋಣೆಗೆ ಮರಳಿಸಬೇಕೆಂದು ಹೂವಪ್ಪನವರೂ ನಾನೂ ಮಂಡಳಿಯ ಮುಂದೆ ನಿಂತೆವು. ಅಧ್ಯಕ್ಷರು ಸಂಚಿಕೆಯ ಚಿತ್ರವನ್ನೇ ತೋರಿಸಿ, ಇಷ್ಟು ಪ್ರಶಾಂತವಾಗಿರುವವರನ್ನು ಏಕೆ ಕದಲಿಸಬೇಕೆಂದರು. ಕಾರಣವನ್ನು ಬಿಡಿಸಿ ಹೇಳಿದ ಮೇಲೆ ನಿಯಮಾವಳಿಯ ಮೊದಲ ಸಾಲನ್ನು ಓದಿದರು: ‘ಯಾವ ನಿವಾಸಿಯೂ ಯಾವ ಹೊತ್ತಿನಲ್ಲಿಯೂ ಸುಮ್ಮನಿರದಂತೆ ನೋಡಿಕೊಳ್ಳತಕ್ಕದ್ದು.’ ಅದು ಮೂಲ ನಿಯಮ. ತಿದ್ದುವ ಅಧಿಕಾರ ತಮಗಿಲ್ಲವೆಂದರು. ನೀಲಗಂಗವ್ವ ಅಲ್ಲಿಯೇ ಇದ್ದಾರೆ.

ಆ ಸಾಲನ್ನು ಬರೆಯುವವರು ನೀವು. ನಿಮ್ಮ ಕಾಲದಲ್ಲಿ ಇಂಥ ವಸತಿಗಳು ಹೊಸದಾಗಿ ಏಳುತ್ತಿರುತ್ತವೆ. ಒಳ್ಳೆಯ ಮನಸ್ಸಿನ ಕೆಲವರು ಮೇಜಿನ ಸುತ್ತ ಕುಳಿತು, ಹಿರಿಯರು ಮಂಕಾಗಬಾರದೆಂಬ ಕಾಳಜಿಯಿಂದಲೇ ಅದನ್ನು ಬರೆಯುತ್ತಾರೆ. ಆಗ ಸಂಚಿಕೆಯ ಚಿತ್ರವನ್ನು ಮಾದರಿಯಾಗಿ ಇಟ್ಟುಕೊಳ್ಳಬೇಡಿ. ಈಜುಕೊಳ ಕಟ್ಟಿ, ಹಲಗೆ ಕೊಡಿಸಿ, ಪಗಡೆ ಹಾಸಿ. ಆ ಸಾಲನ್ನು ಮಾತ್ರ ಬರೆಯಬೇಡಿ. ಈಗಾಗಲೇ ಬರೆದಿದ್ದರೆ ಹೊಡೆದುಹಾಕಿ. ನೀವು ಹಾಗೆ ಮಾಡಿದರೆ ಇಲ್ಲಿ ಏನಾಗುತ್ತದೆಂಬುದನ್ನು ಹಿಮ್ಮುಖ ಅಂಚೆಯವರೂ ಬಲ್ಲವರಲ್ಲ. ಈ ಪತ್ರವೇ ಇಲ್ಲದಂತಾಗಬಹುದು. ಆಗಲಿ. ಒಬ್ಬ ಹೆಂಗಸು ಹಗಲು ಹೊತ್ತಿನಲ್ಲಿ ಕಣ್ಣು ತೆರೆದುಕೊಂಡು ಸುಮ್ಮನೆ ಕೂರುವಂತಾದರೆ, ನಾನು ಬರೆದ ಇಷ್ಟೂ ವಾಕ್ಯಗಳು ಅಳಿಸಿಹೋದರೆ ನನಗೆ ನಷ್ಟವಿಲ್ಲ.

ಇತಿ,
ಶಿವಯೋಗಪ್ಪ ಹಂಚಿನಾಳ
ನಿವೃತ್ತ ಕನ್ನಡ ಶಿಕ್ಷಕ
ಉರಿಮಾಸ ೧೭, ೨೧೯೧, ಬುಧವಾರ, ಮಧ್ಯಾಹ್ನ ೩ ಗಂಟೆ ೪೦ ನಿಮಿಷ