ಒಲವಿಗೂ ಒಂದು ಚಿಲಕ

ಭಾನುವಾರ, ಬೆಳಗ್ಗೆ

ನನ್ನ ಗುಬ್ಬಿ,

'ಒಲಿದವರ ಮನೆಗೆ ಚಿಲಕವೇತಕೆ' ಎಂದೇನೋ ಒಂದು ಸಾಲು. ಎಲ್ಲಿ ಓದಿದ್ದೋ ನೆನಪಿಲ್ಲ, ಮುಂದಿನ ಸಾಲಂತೂ ಪೂರ್ತಿ ಮರೆತಿದೆ. ನಿನ್ನ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಾಗಿನಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ. ಚಿಲಕವೇತಕೆ? ಹಾಗೆ ಬರೆದವರೂ ಸ್ನಾನಕ್ಕೆ ಹೋದಾಗಲಾದರೂ ಚಿಲಕ ಹಾಕಿಕೊಂಡಿರುತ್ತಾರೆ, ಅಲ್ಲವೇ?

ಮೊದಲು ನಿನ್ನ ಯಂತ್ರದ ಸಮಾಚಾರ. ಅದಕ್ಕೆ ಮುಪ್ಪು ಬಂದಿಲ್ಲ, ಉಸಿರು ಕಟ್ಟಿತ್ತು ಅಷ್ಟೇ. ಹಿಂದಿನ ಮುಚ್ಚಳ ತೆಗೆದರೆ ಫ್ಯಾನಿನ ರೆಕ್ಕೆಗಳ ಮೇಲೆ ಹತ್ತಿಯ ಹಾಗೆ ಧೂಳು. ನೀನು ನಮ್ಮ ಮನೆಯಲ್ಲಿ ಬಿಟ್ಟುಹೋಗಿದ್ದ ಬಣ್ಣದ ಕುಂಚದಿಂದಲೇ ಅದನ್ನು ಗುಡಿಸಿ ತೆಗೆದೆ. ಇನ್ನು ಮೇಲೆ ಹಾಸಿಗೆಯ ಮೇಲಿಟ್ಟು ಚಿತ್ರ ಬರೆಯಬೇಡ, ಹೊದಿಕೆ ಅದರ ಮೂಗು ಮುಚ್ಚುತ್ತದೆ. 'ಆಮೇಲೆ ನೆನಪಿಸು' ಎಂದು ಒತ್ತಿ ಒತ್ತಿ ನೀನು ಮುಂದೂಡಿದ್ದ ಅಪ್‌ಡೇಟುಗಳೆಲ್ಲ ಸೇರಿ ನನ್ನ ಅರ್ಧ ದಿನ ತಿಂದವು. ಮುರಿದ ಕಿಟಕಿಯನ್ನು ನಾಳೆ ನೋಡೋಣ ಎಂದು ಯಾರಾದರೂ ಮಲಗುತ್ತಾರೆಯೇ? ಮಕ್ಕಳ ಪುಸ್ತಕಗಳಿಗೆ ನೀನು ಬರೆದ ಚಿತ್ರಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿದ್ದೇನೆ. ಅದನ್ನು ಲ್ಯಾಪ್‌ಟಾಪಿನ ಚೀಲದಲ್ಲೇ ಇಡಬೇಡ ತಾಯೀ, ಕಳ್ಳ ಎರಡನ್ನೂ ಒಟ್ಟಿಗೇ ಹೊತ್ತುಕೊಂಡು ಹೋಗುತ್ತಾನೆ.

ಈಗ ನಿಜವಾದ ಮಾತು. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ತಡೆದು ನಿನ್ನ ಗಂಡನ ಪರ ವಕಾಲತ್ತು ಶುರು ಮಾಡುತ್ತೀಯ. ಮೇಲ್ ಬರೆದರೆ ನಿನ್ನೆಯವರೆಗೆ ನಿನಗಿಂತ ಮೊದಲು ಇನ್ನೊಬ್ಬರು ಓದುತ್ತಿದ್ದರು, ಇವತ್ತು ನಿನಗೇ ಅದು ತೆರೆಯುವುದಿಲ್ಲ. ಅದಕ್ಕೇ ಕಾಗದ.

ಬಿಟ್ಟುಬಂದ ಗಂಡನ ಮನೆಗೆ ಮರಳುತ್ತೀಯೋ ಇಲ್ಲವೋ ಎಂದು ನಾಳೆ ಅವರಿಗೆ ಉತ್ತರ ಕೊಡಬೇಕು ನೀನು. ಮನಸ್ಸಿನಲ್ಲಿ ಮುಕ್ಕಾಲು ದಾರಿ ನಡೆದೇಬಿಟ್ಟಿದ್ದೀಯ. ಪ್ರಕಾಶಕರ ಕಚೇರಿಯಲ್ಲಿ ಸಂದರ್ಶನ ಮುಗಿಸಿ ಹೊರಬಂದರೆ ಗೇಟಿನಲ್ಲಿ ಅವರು ಕೊಡೆ ಹಿಡಿದು ನಿಂತಿದ್ದರು. ನೀನು ನೋಡಿಬಂದ ಬಾಡಿಗೆ ಮನೆಗೆ ನೀರಿನ ತೊಂದರೆಯಿದೆ ಎಂದು ತಾವಾಗಿಯೇ ಫೋನ್ ಮಾಡಿ ಎಚ್ಚರಿಸಿದರು. "ನಾನು ಬಾಯಿ ಬಿಡೋದಕ್ಕೆ ಮೊದ್ಲೇ ಅವರಿಗೆ ನನ್ನ ಮನಸ್ಸು ಗೊತ್ತಾಗಿರುತ್ತೆ ಕಣೇ ಅಕ್ಕಾ. ಇಷ್ಟು ವರ್ಷದ ಸಂಸಾರ ಅಂದ್ರೆ ಸುಮ್ನೇನಾ?" ಎಂದು ನೀನು ಮೂಗು ಎಳೆದುಕೊಂಡು ಅತ್ತೆ.

ಗುಬ್ಬಿ, ನಿನ್ನ ಮೇಲ್ ಯಾವ ಯಾವ ಸಾಧನಗಳಲ್ಲಿ ತೆರೆದಿದೆ ಎಂದು ತೋರಿಸುವ ಒಂದು ಪುಟ ಅದರ ಸೆಟ್ಟಿಂಗ್ಸ್‌ನಲ್ಲಿದೆ. ನಮ್ಮ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಮೇಲ್ ತೆರೆದಿಟ್ಟು ಎದ್ದುಹೋಗುವವರಿಗೆ ನಾನು ದಿನಾ ತೋರಿಸುವ ಪುಟ. ನಿನ್ನದರಲ್ಲಿ ಈ ಲ್ಯಾಪ್‌ಟಾಪ್ ಇತ್ತು, ನಿನ್ನ ಫೋನ್ ಇತ್ತು. ಜೊತೆಗೆ, ನೀನು ಗಂಡನ ಮನೆಯಲ್ಲೇ ಬಿಟ್ಟುಬಂದ ಟ್ಯಾಬ್ಲೆಟ್ ಇತ್ತು. ನಿನ್ನೆ ಬೆಳಗ್ಗೆಯೂ ಯಾರೋ ಅದರಲ್ಲಿ ನಿನ್ನ ಮೇಲ್ ನೋಡಿದ್ದಾರೆ.

ಸಂದರ್ಶನದ ಕರೆ ಬಂದದ್ದು ಮೇಲ್‌ಗೆ. ಬಾಡಿಗೆ ಮನೆಯ ವಿಳಾಸವೂ ಅಲ್ಲಿಗೇ. ಆದರೆ ಹೋದ ತಿಂಗಳು ಈಗ ನೀನಿರುವ ಹಾಸ್ಟೆಲಿನಲ್ಲಿ ಜ್ವರ ಬಂದು, ನೀರು ಕೊಡುವವರೂ ಇಲ್ಲದೆ ಮಲಗಿದ್ದೆಯಲ್ಲ, ಅದನ್ನು ನೀನು ಯಾರಿಗೂ ಬರೆದಿರಲಿಲ್ಲ. ಆಗ ಅವರಿಗೆ ನಿನ್ನ ಮನಸ್ಸು ತಿಳಿಯಲಿಲ್ಲ. ಕೊಡೆ ಬರಲಿಲ್ಲ.

"ಪಾಸ್‌ವರ್ಡ್ ಬದಲಾಯಿಸಲಾ?" ಎಂದು ನಿನ್ನೆ ಫೋನಿನಲ್ಲಿ ನಾನು ಕೇಳಿದಾಗ ನೀನು, "ಏನಾದ್ರೂ ಮಾಡ್ಕೊ, ಮಿಷನ್ ಓಡಿದ್ರೆ ಸಾಕು" ಅಂದೆ. ಸಂಜೆಯೇ ಬದಲಾಯಿಸಿ, ಎಲ್ಲ ಸಾಧನಗಳಿಂದಲೂ ಹೊರಗೆ ಬರುವಂತೆ ಮಾಡಿದೆ. ನಿನ್ನ ಫೋನಿನಲ್ಲೂ ಮೇಲ್ ಮುಚ್ಚಿಕೊಂಡಿರುತ್ತದೆ, ಗಾಬರಿಯಾಗಬೇಡ. ಸತ್ತುಹೋದ ನಮ್ಮ ನಾಯಿಯ ಹೆಸರನ್ನೇ ಮನೆಮಂದಿಯೆಲ್ಲ ಪಾಸ್‌ವರ್ಡ್ ಮಾಡಿಕೊಂಡಿದ್ದೇವಲ್ಲ, ಪಾಪ, ಬದುಕಿದ್ದಾಗಲೂ ಅದು ಒಬ್ಬ ಕಳ್ಳನನ್ನೂ ಹಿಡಿದಿರಲಿಲ್ಲ! ಮಧ್ಯಾಹ್ನ ನಾನೇ ಬಂದು ಲ್ಯಾಪ್‌ಟಾಪ್ ಕೊಟ್ಟು, ಹೊಸದನ್ನು ಕಿವಿಯಲ್ಲಿ ಹೇಳುತ್ತೇನೆ. ನಾನು ಬೆನ್ನು ತಿರುಗಿಸಿದ ಕೂಡಲೇ ಅದನ್ನೂ ಬದಲಾಯಿಸು. ಅಕ್ಕನಿಗೂ ಗೊತ್ತಿರಬಾರದು. ಪ್ರತಿಸಲ ಫೋನಿಗೆ ಸಂಖ್ಯೆ ಬಂದರೆ ಮಾತ್ರ ತೆರೆಯುವ ಎರಡನೆಯ ಬೀಗವನ್ನೂ ಹಾಕಿಕೋ. 'ನಿಮ್ಮ ಮೊದಲ ಶಾಲೆ ಯಾವುದು' ಎಂಬ ಗುಟ್ಟಿನ ಪ್ರಶ್ನೆಗೆ ನೀನು ಹರಿಶ್ಚಂದ್ರನ ಮೊಮ್ಮಗಳ ಹಾಗೆ ನಿಜವನ್ನೇ ಬರೆದಿರುತ್ತೀಯ. ಗಂಡನಿಗೂ ಗೊತ್ತಿರುವ ನಿಜ ಬೀಗವಾಗುವುದಿಲ್ಲ. ಒಂದು ಸೊಗಸಾದ ಸುಳ್ಳು ಹೇಳು, ಜನ್ಮದಲ್ಲಿ ಒಮ್ಮೆಯಾದರೂ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರೆ. ನಿನ್ನ ಕೋಟೆ ಇನ್ನೂ ನಿಂತಿದೆ. ಹೋಗು ಎಂದೋ ಬೇಡ ಎಂದೋ ನಾನು ಹೇಳುವುದಿಲ್ಲ. ಆದರೆ ನಿನ್ನ ಉತ್ತರ ನಿನ್ನೊಳಗೆ ಹುಟ್ಟುವ ತನಕ ಬಾಗಿಲು ಮುಚ್ಚಿರಲಿ. ಒಲಿದವರಾದರೆ ಬಾಗಿಲು ತಟ್ಟಿ, ಕಾಯುತ್ತಾರೆ. ಆ ಮರೆತ ಸಾಲು ಬಹುಶಃ ಇದೇ ಇರಬೇಕು, ಇಲ್ಲದಿದ್ದರೆ ನಾನೇ ಬರೆದುಕೊಳ್ಳುತ್ತೇನೆ.

ನಿನ್ನ ಬಾಗಿಲು ತಟ್ಟಿಯೇ ಒಳಗೆ ಬರುವ,
ಅಕ್ಕ

ಕಾಗದ ಮಡಚುವಾಗ: ಪಕ್ಕದ ಮನೆಯ ಟೈಲರಮ್ಮ ಈಗ ಬಾಗಿಲಿಗೆ ಬಂದಿದ್ದರು. ಅವರ ಮಾತನ್ನು ಹಾಗೆಯೇ ಇಳಿಸಿದ್ದೇನೆ, ನನ್ನದೊಂದು ಅಕ್ಷರವನ್ನೂ ಸೇರಿಸಿಲ್ಲ: "ನೀವು ಹಾಲು ತರೋಕ್ಕೆ ಹೋಗಿದ್ರಲ್ಲ ಮೇಡಂ, ಆಗ ನಿಮ್ಮ ತಂಗಿ ಯಜಮಾನ್ರು ಬಂದಿದ್ರು. ಕೂತ್ಕೊಳ್ಳಿ ಅಂದ್ರೂ ಕೂರ್ಲಿಲ್ಲ. ಅವಳಿಗೇನಾಗಿದೆ, ನಿನ್ನೆ ಸಂಜೆಯಿಂದ ಅವಳ ಮನಸ್ಸಲ್ಲಿ ಏನಿದೆ ಅಂತಾನೇ ಗೊತ್ತಾಗ್ತಿಲ್ಲ ಅಂದ್ಬಿಟ್ಟು ಹೋದ್ರು."